ಗಾದಿ ಹಿಡಿದ ಮೀನು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಅಂತ ತಿರುಗಿ ಮಂದಿ ಅಂಗಡ್ಯಾಗಿನ ಮೀನಿನ ತೊಟ್ಟಿ ತೊಳಿಯೂದು ನನ್ನ ಕೆಲಸ. ಬ್ಯಾಡಗ್ಯಾಗ ಮೆಣಸಿನಕಾಯಿ ಸಾವುಕಾರ್ರೊಬ್ಬರು ಬೆರಳುದ್ದದ ಕೆಂಪು ಬಾಲದ ಮೀನೊಂದು ತಂದು, ತಾವು ಕುಂದ್ರೂ ಗಾದಿ ಮಗ್ಗಲಿನ ತೊಟ್ಟ್ಯಾಗ ಬಿಟ್ಟಿದ್ರು.

"ಇದು ಮನಷ್ಯಾನ ಎದಿಮಟ ಬೆಳಿಯೂ ಜಾತಿರಿ, ಇದರಾಗ ಹಿಡಿಯಂಗಿಲ್ಲ" ಅಂದೆ.

"ಬಣ್ಣಾ ನೋಡೋ ತಮ್ಮಾ!" ಅಂದ್ರು. ಮೆಣಸಿನಕಾಯಿ ಮಂದಿ ಬಣ್ಣಾ ಬಿಟ್ಟು ಮತ್ತೇನು ನೋಡ್ತಾರ?

ಕೆಲವು ತಿಂಗಳು ಬಿಟ್ಟು ಹೋದಾಗ ಉಳಿದ ಮೀನೆಲ್ಲ ಅದರ ಹೊಟ್ಟಿ ಸೇರಿದ್ವು. ಹೊಳ್ಳಿದ್ರ ಬಾಲ ಗಾಜಿಗೆ ಬಡೀತಿತ್ತು.

"ನೀರಾಗಿದ್ದು ಉಬ್ಬೈತಿ" ಅಂದ್ರು ಸಾವುಕಾರ್ರು. "ಹಸಿ ಕಾಯಿನೂ ಹಿಂಗ. ಚೂರು ಬಿಸಲಿಗೆ ಹಾಕಿದ್ರ?"

"ಸಾಯತೈತ್ರಿ."

"ಕೋಲ್ಡ್ ಸ್ಟೋರೇಜಿನಾಗ ಇಟ್ರ? ಕಾಯಿ ಇದ್ದಂಗ ಇರತಾವಲ್ಲ."

"ಅಲ್ಲೂ ಸಾಯತೈತ್ರಿ."

"ಹೊಳಿಗೆ ಬಿಡೂಣು?"

"ಹೊಳ್ಯಾಗಿನ ಮೀನೆಲ್ಲ ತಿಂದುಹಾಕತೈತ್ರಿ. ತಿನ್ನಾವರಿಗೆ ಕೊಟ್ಟುಬಿಡ್ರಿ."

ಅವರು ಎದಿಮ್ಯಾಲಿನ ಲಿಂಗಾ ಮುಟ್ಟಿಕೊಂಡು, "ಶಿವ ಶಿವಾ, ಮನಿ ಕೂಸೋ ಅದು!" ಅಂದ್ರು.

ಕಡೀಕೆ ನನ್ನ ಕೇಳದನ ಗಾದಿ ತಗಿಸಿ, ಆ ಜಾಗಾದಾಗ ಗ್ವಾಡಿ ತುಂಬ ಹೊಸಾ ತೊಟ್ಟಿ ಕಟ್ಟಿಸಿದ್ರು. ಈಗ ಮೀನು ಒಳಗ ಫ್ಯಾನಿನ ಕೆಳಗ ಐತಿ. ಸಾವುಕಾರ್ರು ಬಾಗಿಲದಾಗ ಕುರ್ಚಿ ಹಾಕ್ಕೊಂಡು, ಘಾಟಿಗೆ ಸೀನಿಕೋತ ವ್ಯಾಪಾರ ಮಾಡ್ತಾರ. ಕಾಯಿ ತಂದ ರೈತರು ರೂಢಿ ಪ್ರಕಾರ ಗಾದಿ ಇದ್ದ ಕಡೆ ಕೈ ಮುಗೀತಾರ, ನಮಸ್ಕಾರ ಮೀನಿಗೆ ಮುಟ್ಟತೈತಿ.

ಮೊನ್ನೆ ತೊಳಿಯಾಕ ಹೋದಾಗ, "ಇನ್ನ ಚಿಂತಿಲ್ಲ ಬಿಡು" ಅಂದ್ರು. ಹೌದ್ರಿ ಅಂದೆ. ಅದಿನ್ನೂ ಮರಿ ಅಂತ ಯಾವ ಬಾಯಿಲೆ ಹೇಳ್ಲಿ?