ಶಿಫ್ಟಿಂಗಕ್ಕನ ಪಿಕಪ್ ಎಂಜಿನ್ ಇಳಿಸಿದ್ದು

ಊರಲ್ಲಿ ಯಾರು ಮನೆ ಬದಲಾಯಿಸಿದರೂ ಅವಳಿಗೆ ಗೊತ್ತಾಗುತ್ತಿತ್ತು. ಸಾಮಾನು ಸಾಗಿಸುವವಳು ಅವಳೇ. ಬೀರು, ಮಂಚ, ಫ್ರಿಜ್ಜು, ಸುರುಳಿ ಸುತ್ತಿದ ಹಾಸಿಗೆ, ಬಕೆಟ್ಟಿನೊಳಗೆ ತುರುಕಿದ ಚಪ್ಪಲಿಗಳು, ಇದನ್ನು ಮಾತ್ರ ತೊಡೆಯ ಮೇಲೇ ಇಟ್ಟುಕೊಂಡು ಬರುತ್ತೇನೆಂದು ಯಾರೋ ಹಟ ಹಿಡಿದ ಮೀನಿನ ತೊಟ್ಟಿ, ಎಲ್ಲವನ್ನೂ ತನ್ನ ಪಿಕಪ್ಪಿಗೆ ಹೇರಿಕೊಂಡು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಮುಟ್ಟಿಸುತ್ತಿದ್ದಳು. ಜನ ಅವಳ ಹೆಸರು ಮರೆತು ಎಷ್ಟೋ ಕಾಲವಾಗಿತ್ತು. ಶಿಫ್ಟಿಂಗಕ್ಕ ಎಂದರೆ ಮುಗಿಯಿತು.

ಕೂತಲ್ಲಿ ಕೂರುವ ಜಾತಿಯಲ್ಲ ಅವಳದ್ದು. ಗಾಡಿ ನಿಲ್ಲಿಸಿದರೆ ಕೀಲಿ ತಿರುಗಿಸುವ ಮೊದಲೇ ಒಂದು ಕಾಲು ನೆಲದಲ್ಲಿರುತ್ತಿತ್ತು. ಸಾಮಾನು ಹೊರುವ ಅಣ್ಣತಮ್ಮಂದಿರಿಬ್ಬರು ಹಗ್ಗ ಬಿಚ್ಚುವಷ್ಟರಲ್ಲಿ ಅವಳು ಮೂರನೇ ಮಹಡಿ ಹತ್ತಿ, ಬೀರು ಬಾಗಿಲಲ್ಲಿ ಹಿಡಿಯುತ್ತದೋ ಇಲ್ಲವೋ ಎಂದು ಗೇಣಿನಲ್ಲಿ ಅಳೆದು ಇಳಿದಿರುತ್ತಿದ್ದಳು. ಗಂಡ ಟೈಲರ್, ಮನೆಯ ಮುಂದಿನ ಕೋಣೆಯ ಕಿಟಕಿ ಪಕ್ಕ ಮಷಿನ್ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಅಲುಗಾಡದೆ ಹೊಲಿಯುವವನು. ಅವರಿಬ್ಬರ ಸಂಸಾರ ಸರಾಗವಾಗಿ ನಡೆದುಕೊಂಡು ಬಂದದ್ದೇ ಮಧ್ಯಾಹ್ನದ ಊಟ ಬಿಟ್ಟರೆ ಹಗಲು ಹೊತ್ತು ಒಬ್ಬರ ಕಣ್ಣಿಗೆ ಒಬ್ಬರು ಬೀಳದಿದ್ದುದರಿಂದ ಎಂದು ಅವಳ ಅತ್ತೆ ಬಂದವರೆದುರು ಹೇಳುತ್ತಿದ್ದಳು. ಸುಳ್ಳೇನೂ ಅಲ್ಲ.

ಪಿಕಪ್ಪು ಅವಳ ಕೈಗೆ ಬರುವಾಗಲೇ ಹಳತು. ಮೂರು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಮೀಟರ್ ತಾನೇ ಸಾಕಾಗಿ ನಿಂತುಬಿಟ್ಟಿತ್ತು. ಆಮೇಲೆ ಎಷ್ಟು ಓಡಿದೆ ಎಂದು ಕೇಳಿದವರಿಗೆ, "ಅದನ್ನ ಗಾಡಿಗೇ ಕೇಳಿ," ಎನ್ನುತ್ತಿದ್ದಳು. ಈಚೆಗೆ ಅದು ಆಯಿಲ್ ಕುಡಿಯುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬೀದಿಯ ತುದಿಯವರೆಗೂ ನೀಲಿ ಹೊಗೆ. ಎದುರುಮನೆಯವರು ಒಣಹಾಕಿದ ಬಟ್ಟೆಯನ್ನು ಬಡಬಡ ತೆಗೆದುಕೊಂಡು ಒಳಗೆ ಓಡುತ್ತಿದ್ದರು. ಅದನ್ನೆಲ್ಲ ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಆದರೆ ಒಂದು ದಿನ ರೈಲು ಹಳಿಯ ಮೇಲಿನ ಸೇತುವೆ ಏರುವಾಗ, ಮೊದಲನೇ ಗೇರಿನಲ್ಲೂ ಗಾಡಿ ಎಳೆಯದೆ ನಡುದಾರಿಯಲ್ಲಿ ಏದುಸಿರು ಬಿಟ್ಟು ನಿಂತಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಇಡೀ ಊರು. ಅಣ್ಣತಮ್ಮಂದಿರು ಒಂದು ಬೀರು, ಒಂದು ಸೋಫಾ ಇಳಿಸಿ ಸೇತುವೆಯ ಅಂಚಿಗಿಟ್ಟ ಮೇಲೆಯೇ ಅದು ಕದಲಿದ್ದು. ಸೋಫಾದ ಯಜಮಾನ ತನ್ನ ಸೋಫಾದ ಮೇಲೆಯೇ ಮುಖ ಊದಿಸಿಕೊಂಡು ಕೂತ.

ಸಾಮಾನೆಲ್ಲ ಮುಟ್ಟಿಸಿ ನೇರ ಗ್ಯಾರೇಜಿಗೆ ಹೋದಳು. ಗ್ಯಾರೇಜಿನ ಮೇಸ್ತ್ರಿ ವಯಸ್ಸಾದವನು. ಮಾತು ಕಡಿಮೆ, ನಡೆ ನಿಧಾನ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದ. ಒಳಗಿನಿಂದ ಹೊಗೆ ಬುಸುಬುಸು ಬಂತು. ಮುಚ್ಚಳ ಹಾಕಿ ಕೈ ಒರೆಸಿಕೊಂಡ.

"ಎಂಜಿನ್ ಇಳಿಸ್ಬೇಕಮ್ಮ. ಪಿಸ್ಟನ್ನು, ಅದರ ರಿಂಗು, ಅದು ಓಡಾಡೋ ಬೋರು ಎಲ್ಲಾ ಸವೆದೋಗಿದೆ."

"ಎಷ್ಟು ದಿನ ಹಿಡಿಯುತ್ತೆ?"

"ಲೇತಿನವನು ಬೋರ್ ಮಾಡಿ ಕೊಡ್ಬೇಕು, ಕ್ರ್ಯಾಂಕ್ ಉಜ್ಜಿಸ್ಬೇಕು, ಸಾಮಾನು ಬರ್ಬೇಕು. ದಿನ ಹೇಳೋಕಾಗಲ್ಲ."

"ಬಿಚ್ಚೋದು ಬಿಚ್ತೀರಿ, ಹಾಗಾದ್ರೆ ಜೋರಾಗಿ ಎಳೆಯೋ ಹಾಗೆ ಟರ್ಬೊನೂ ಹಾಕ್ಬಿಡಿ. ಆ ಸೇತುವೆ ಮೇಲೆ ಇನ್ನೊಂದ್ಸಲ ಮರ್ಯಾದೆ ಕಳ್ಕೊಳೋಕೆ ನನ್ ಕೈಲಾಗಲ್ಲ."

ಮೇಸ್ತ್ರಿ ಅವಳನ್ನೂ ಗಾಡಿಯನ್ನೂ ಒಮ್ಮೆ ನೋಡಿದ. "ಟರ್ಬೊ ಒಂದನ್ನೇ ತಂದು ಸಿಕ್ಕಿಸೋದಲ್ಲ ಅದು. ಇದೇ ಎಂಜಿನ್ ಆಮೇಲೆ ಟರ್ಬೊ ಜೊತೆ ಬಂತಲ್ಲ, ಆ ಮಾಡೆಲ್ಲಿನ ಪಿಸ್ಟನ್ ಬೇಕು, ದೊಡ್ಡ ರೇಡಿಯೇಟರ್ ಬೇಕು, ಆಯಿಲ್ ತಣ್ಣಗಾಗೋಕೆ ಬೇರೆ ಕೂಲರ್ ಬೇಕು. ಇನ್ನೂ ತಡ ಆಗುತ್ತೆ."

"ಆಗ್ಲಿ," ಎಂದಳು. ಆ ಆಗಲಿ ಎಷ್ಟು ಉದ್ದದ್ದು ಎಂಬುದು ಆಗ ಅವಳಿಗೆ ಹೊಳೆದಿರಲಿಲ್ಲ.

ಎಂಜಿನ್ ಸರಪಳಿಯಲ್ಲಿ ತೂಗಾಡುತ್ತ ಮೇಲೆದ್ದಾಗ ಪಿಕಪ್ಪಿನ ಮೂತಿ ತಟ್ಟನೆ ಎತ್ತರವಾಯಿತು, ಹೆಗಲ ಮೇಲಿನ ಹೊರೆ ಇಳಿಸಿದ ಹಾಗೆ. ಅವಳ ಕಥೆ ಮಾತ್ರ ತಿರುಗುಮುರುಗು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಮನೆಯ ಡಬ್ಬಗಳನ್ನೆಲ್ಲ ತೊಳೆದಿಟ್ಟಳು. ಮರುದಿನ ಸೋರುವ ನಲ್ಲಿ ಬಿಚ್ಚಿ, ಸೋರದ ನಲ್ಲಿಯನ್ನೂ ಬಿಚ್ಚಿದಳು. ಎರಡೂ ಸೋರತೊಡಗಿದವು. ಅದರ ಮರುದಿನ ಅತ್ತೆ ಮಧ್ಯಾಹ್ನದ ನಿದ್ದೆಗೆ ಹೋದಾಗ, ಅವಳನ್ನು ಏಳಿಸದೆ ಮಂಚ ಸಮೇತ ಈ ಗೋಡೆಯಿಂದ ಆ ಗೋಡೆಗೆ ಸರಿಸಿದಳು. ಬೀರುಗಳನ್ನು ಅಲುಗದಂತೆ ಸಾಗಿಸಿ ಪಳಗಿದ ಕೈ. ಮುದುಕಿಗೆ ಗೊತ್ತೇ ಆಗಲಿಲ್ಲ. ಎಚ್ಚರವಾದಾಗ ಸುತ್ತ ನೋಡಿ, "ಇದ್ಯಾರ ಮನೆ? ನನ್ ಮಗ ಎಲ್ಲಿ?" ಎಂದಳು.

ಅಲ್ಲಿಗೆ ನಿಂತಿದ್ದರೆ ನಗೆಯಾಗಿ ಮುಗಿಯುತ್ತಿತ್ತು. ಗಂಡ ದಾರ ತರಲು ಹೋಗಿದ್ದಾಗ ಅವನ ಹೊಲಿಗೆ ಮಷಿನ್ನನ್ನೂ ಕಿಟಕಿಯಿಂದ ಒಳಗೋಡೆಗೆ ತಂದಿಟ್ಟಳು. ಹೋಗಿಬರಲು ದಾರಿ ಸಲೀಸಾಗುತ್ತದೆ ಎಂಬುದು ಅವಳ ಲೆಕ್ಕ. ಅವನು ಬಂದು ಬಾಗಿಲಲ್ಲೇ ನಿಂತ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಬೇಕಿದ್ದ ದಿನ ಅದು.

"ಬೆಳಕು ಎಲ್ಲಿಂದ ತರ್ಲಿ ನಾನು?" ಎಂದ.

"ಲೈಟ್ ಹಾಕ್ಕೊಳ್ರೀ."

ಅವನು ಕೂಗಾಡುವವನಲ್ಲ. ಮಷಿನ್ನಿನ ಒಂದು ಬದಿ ಹಿಡಿದು ಎಳೆಯುತ್ತ ಮೆತ್ತಗೆ ಹೇಳಿದ: "ನೀನು ಹೊರಗಡೆ ಇದ್ರೇನೇ ಇದು ಮನೆ ಥರ ಇರುತ್ತೆ ಕಣೇ."

ಅವಳು ಇನ್ನೊಂದು ಬದಿ ಹಿಡಿದು ಮಷಿನ್ನನ್ನು ಕಿಟಕಿಗೆ ಮುಟ್ಟಿಸಿದಳು. ಮಾರನೆಯ ದಿನದಿಂದ ಬೆಳಗಾಗುತ್ತಲೇ ಗ್ಯಾರೇಜಿಗೆ ಹೊರಟುಬಿಟ್ಟಳು, ಮಧ್ಯಾಹ್ನದ ಊಟಕ್ಕೂ ಮನೆಗೆ ಬರುತ್ತಿರಲಿಲ್ಲ.

ಗ್ಯಾರೇಜಿನಲ್ಲಿ ಮೇಸ್ತ್ರಿಯ ತಲೆ ತಿಂದಳು. ಲೇತಿನವನ ಅಂಗಡಿಗೆ ಹೋಗಿ ಅವನದ್ದೂ ತಿಂದಳು. ಎಂಜಿನ್ ಬ್ಲಾಕ್ ಎಲ್ಲಿಗೆ ಬಂತು, ಕ್ರ್ಯಾಂಕ್ ಯಾವಾಗ ಕೊಡ್ತೀರಿ, ಕರೆಂಟ್ ಇಲ್ಲದಿದ್ದರೆ ಕೈಯಲ್ಲಿ ಉಜ್ಜೋಕಾಗಲ್ವಾ. ಆ ಮನುಷ್ಯ ಅವಳು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಮಷಿನ್ ಜೋರಾಗಿ ಓಡಿಸಿ ಏನೂ ಕೇಳಿಸದವನಂತೆ ಬೆನ್ನು ತಿರುಗಿಸುತ್ತಿದ್ದ. ಕೊನೆಗೆ ಮೇಸ್ತ್ರಿಯೇ ಅವಳ ಕೈಗೆ ಕೆಲಸ ಕೊಟ್ಟ. ತುದಿಗೆ ರಬ್ಬರ್ ಬಟ್ಟಲಿರುವ ಒಂದು ಕೋಲು, ಒಂದು ಡಬ್ಬಿ ಮರಳುಮರಳಾದ ಪೇಸ್ಟು. ವಾಲ್ವಿನ ಅಂಚಿಗೆ ಪೇಸ್ಟ್ ಹಚ್ಚಿ, ಅದರ ನೆತ್ತಿಗೆ ರಬ್ಬರ್ ಅಂಟಿಸಿ, ಮಜ್ಜಿಗೆ ಕಡೆಯುವ ಹಾಗೆ ಕೋಲನ್ನು ಎರಡು ಅಂಗೈ ನಡುವೆ ತಿರುಗಿಸಬೇಕು. ಅಂಚಿನಲ್ಲಿ ಒಂದೇ ಅಗಲದ ಬೂದು ಬಳೆ ಮೂಡುವವರೆಗೆ.

"ಎಷ್ಟೊತ್ತು ತಿರುಗಿಸ್ಬೇಕು?"

"ಸರಿಯಾಗೋವರೆಗೂ."

ಅವಳು ಮೂರು ಸಲ ತಿರುಗಿಸಿ ಒಂದು ಸಲ ಎತ್ತಿ ನೋಡುತ್ತಿದ್ದಳು. ಬಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಮೇಸ್ತ್ರಿ ವಾಲ್ವು ಕೂರುವ ಹೆಡ್ಡನ್ನು ಮಗುಚಿ ಡೀಸೆಲ್ ಹೊಯ್ದರೆ ವಾಲ್ವಿನ ಸಂದಿಯಿಂದ ತೊಟ್ಟಿಕ್ಕುತ್ತಿತ್ತು. ಮತ್ತೆ ಪೇಸ್ಟು, ಮತ್ತೆ ಕೋಲು. ಅಂಗೈ ಬಿಸಿಯಾಗಿ, ಬೆನ್ನು ಹಿಡಿದುಕೊಂಡು, ಕೊನೆಗೊಂದು ದಿನ ಡೀಸೆಲ್ ಹೊಯ್ದದ್ದು ಹೊಯ್ದ ಹಾಗೇ ನಿಂತಿತು. ಮೇಸ್ತ್ರಿ ತಲೆಯಾಡಿಸಿದ. ಅಷ್ಟಕ್ಕೇ ಅವಳ ಮುಖ ಅರಳಿತು. ಮರುಕ್ಷಣವೇ, "ಲೇತಿಂದ ಬ್ಲಾಕ್ ಬಂತಾ?" ಎಂದಳು.

ಬಂತು. ಹೊಸ ಪಿಸ್ಟನ್ನುಗಳೂ ಬಂದವು. ಬೇರಿಂಗಿಗೆ ಆಯಿಲ್ ಸವರಿ, ಬೋಲ್ಟುಗಳನ್ನು ಅಳತೆಯ ಪಾನಾದಿಂದ ಬಿಗಿದು, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿದಾಗ ಅದು ಬೆಣ್ಣೆಯಂತೆ ಸುತ್ತಿತು. ಇನ್ನು ಎಂಜಿನ್ನಿನ ತಳಕ್ಕೆ ಆಯಿಲ್ ಚೇಂಬರ್ ಕೂರಿಸಬೇಕು. ಅಷ್ಟರಲ್ಲಿ ಮೇಸ್ತ್ರಿಗೆ ಯಾರದೋ ಫೋನು ಬಂತು. "ಚೇಂಬರ್ ಮುಟ್ಬೇಡಿ, ಬಂದೆ," ಎಂದು ಹೊರಗೆ ಹೋದವನು ಬರಲೇ ಇಲ್ಲ. ಅವಳು ಕೂತಳು. ಎದ್ದಳು. ಸ್ಪಾನರುಗಳನ್ನು ಸೈಜಿನ ಪ್ರಕಾರ ಜೋಡಿಸಿದಳು. ಹೊರಗೆ ಇಣುಕಿದರೆ ಅವನಿನ್ನೂ ಫೋನಿನಲ್ಲಿ ಹೂಂ ಹೂಂ ಎನ್ನುತ್ತಿದ್ದ. ಟ್ಯೂಬಿನಿಂದ ಗ್ಯಾಸ್ಕೆಟ್ ಪೇಸ್ಟ್ ಹಿಂಡಿ ಅಂಚಿನ ಸುತ್ತ ಹಚ್ಚುವುದು ತಾನೇ? ಹಚ್ಚಿದಳು. ಸೋರಬಾರದೆಂದು ಇನ್ನೊಂದು ಸುತ್ತು ಹಚ್ಚಿದಳು. ಮೇಸ್ತ್ರಿ ಬರುವಷ್ಟರಲ್ಲಿ ಚೇಂಬರ್ ಕೂತು ಬೋಲ್ಟೂ ಬಿಗಿದಾಗಿತ್ತು. ಅವನು ಹೊರಗಿನಿಂದ ಬೆರಳಾಡಿಸಿ ನೋಡಿ, ಸೋರುವ ಸಂದಿ ಕಾಣದೆ ಮುಂದಿನ ಕೆಲಸಕ್ಕೆ ಕೈ ಹಾಕಿದ.

ಎಂಜಿನ್ ಗಾಡಿಯೊಳಗೆ ಇಳಿದು, ಟರ್ಬೊ ಕೂತು, ಪೈಪುಗಳೆಲ್ಲ ಸೇರಿದ ದಿನ ಅಣ್ಣತಮ್ಮಂದಿರೂ ನೋಡಲು ಬಂದರು. ಮೇಸ್ತ್ರಿ ಮೊದಲು ಡೀಸೆಲ್ ಇಲ್ಲದೆ ಸುಮ್ಮನೆ ಸುತ್ತಿಸಿ ಆಯಿಲ್ ಮೇಲೇರಿಸಿದ. ಆಮೇಲೆ ಕೀಲಿ ತಿರುಗಿಸಿದ. ಎಂಜಿನ್ ಹಿಡಿಯಿತು. ಹೊಗೆಯಿಲ್ಲ, ಕೊಡಕೊಡ ಇಲ್ಲ, ತುಂಬಿದ ಹೊಟ್ಟೆಯ ಸದ್ದು. "ಒಂದು ರೌಂಡ್ ಹೋಗಿ ಬರ್ತೀನಿ," ಎಂದು ಬಾಗಿಲಿಗೆ ಕೈ ಹಾಕಿದ್ದಳು, ಅಷ್ಟರಲ್ಲಿ ಆಯಿಲ್ ಮೇಲೇರುತ್ತಿಲ್ಲ ಎನ್ನುವ ಕೆಂಪು ದೀಪ ಮಿಣುಕಿತು. ಮೇಸ್ತ್ರಿಯ ಕೈ ಎಂದೂ ಅಷ್ಟು ಚುರುಕಾಗಿದ್ದನ್ನು ಅವಳು ನೋಡಿರಲಿಲ್ಲ. ಎಂಜಿನ್ ಆಫ್.

ಪುನಃ ಎಲ್ಲ ಬಿಚ್ಚಬೇಕು, ಅಡಿಯಿಂದ. ಚೇಂಬರ್ ಇಳಿಸಿದಾಗ ಆಯಿಲ್ ಹೀರುವ ಜಾಲರಿಗೆ ಪೇಸ್ಟಿನ ಕೆಂಪು ಎಳೆಗಳು ಸಿಕ್ಕಿಕೊಂಡಿದ್ದವು, ಒಣಗಿದ ಶ್ಯಾವಿಗೆಯಂತೆ. ಹೆಚ್ಚಾದ ಪೇಸ್ಟ್ ಒಳಕ್ಕೆ ಉಕ್ಕಿ, ಕಿತ್ತು ಬಂದು ಬಾಯಿ ಕಟ್ಟಿತ್ತು. ಅಣ್ಣತಮ್ಮಂದಿರು ಮೆಲ್ಲಗೆ ಜಾಗ ಖಾಲಿ ಮಾಡಿದರು.

ಮೇಸ್ತ್ರಿ ಒಂದು ಎಳೆಯನ್ನು ಬೆರಳಲ್ಲಿ ಎತ್ತಿ ಹಿಡಿದ. "ನಿಮ್ ಯಜಮಾನ್ರು ಬಟ್ಟೆಗೆ ಇಷ್ಟು ದಾರ ಹಾಕ್ತಾರಾ ಅಮ್ಮ?"

ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಅವಳು ಜಾಲರಿಯನ್ನು ಕೈಗೆ ತೆಗೆದುಕೊಂಡು ಸೂಜಿಯಿಂದ ಒಂದೊಂದೇ ಎಳೆ ಬಿಡಿಸತೊಡಗಿದಳು. ಬೇರಿಂಗ್ ಬಿಚ್ಚಿ ನೋಡಿದರೆ ಗೀರು ಬಿದ್ದಿರಲಿಲ್ಲ, ಟರ್ಬೊ ಕೂಡ ಉಳಿದಿತ್ತು. ಇನ್ನೊಂದು ಗಳಿಗೆ ಓಡಿದ್ದರೆ ಲೇತಿನವನ ಮುಖವನ್ನು ಮತ್ತೆ ನೋಡಬೇಕಿತ್ತು ಎಂದ ಮೇಸ್ತ್ರಿ. ಆ ದಿನ ಅವಳು ಬೇಗ ಮನೆಗೆ ಹೋದಳು.

ಗಂಡ ಒಂದು ಕೋಟಿನ ತೋಳು ಬಿಚ್ಚುತ್ತ ಕೂತಿದ್ದ. ಅವಳು ಎದುರಿಗೆ ಬಟ್ಟೆ ಗಂಟಿನ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಅವನು ಬ್ಲೇಡಿನ ತುದಿಯಿಂದ ಹೊಲಿಗೆ ಕತ್ತರಿಸುತ್ತಲೇ ಕೇಳಿಸಿಕೊಂಡ.

"ಇದೇನು, ಬಿಚ್ತಾ ಇದ್ದೀರಿ?" ಎಂದಳು ಕೊನೆಗೆ.

"ಬೇರೆ ಕೋಟಿನ ತೋಳು ಇದಕ್ಕೆ ಹಾಕ್ಬಿಟ್ಟೆ. ನೀನು ಮಧ್ಯಾಹ್ನ ಊಟಕ್ಕೆ ಬರ್ದೇ ಇದ್ದಾಗಿಂದ ಇದೇ ಆಗ್ತಿದೆ."

ಅವಳು ಎದ್ದು ಹೋಗಿ ಸೋರುವ ನಲ್ಲಿಯ ಕೆಳಗಿದ್ದ ತುಂಬಿದ ಬಕೆಟ್ ಚೆಲ್ಲಿ, ಖಾಲಿ ಬಕೆಟ್ ಇಟ್ಟು ಬಂದು ಮತ್ತೆ ಅಲ್ಲೇ ಕೂತಳು. ಇನ್ನೊಂದು ತೋಳನ್ನು ಅವಳೇ ಬಿಚ್ಚಿಕೊಟ್ಟಳು. ಅದು ಸರಿಯಾಗಿಯೇ ಇದ್ದ ತೋಳು ಎಂಬುದು ಇಬ್ಬರಿಗೂ ತಡವಾಗಿ ಗೊತ್ತಾಯಿತು.

ಎರಡನೇ ಸಲ ಚೇಂಬರ್ ಕೂರಿಸುವಾಗ ಅವಳು ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡಿದಳು. ಎಂಜಿನ್ ಓಡಿತು, ಕೆಂಪು ದೀಪ ಆರಿತು, ಆರಿಯೇ ಇತ್ತು. ಆದರೆ ಮೇಸ್ತ್ರಿ ಕೀಲಿಯ ಜೊತೆಗೆ ಒಂದು ಶಿಕ್ಷೆಯನ್ನೂ ಕೊಟ್ಟ. ಮೊದಲ ಐನೂರು ಕಿಲೋಮೀಟರ್ ಲೋಡ್ ಹಾಕುವಂತಿಲ್ಲ. ಐವತ್ತರ ಮೇಲೆ ಓಡಿಸುವಂತಿಲ್ಲ. ಒಂದೇ ವೇಗದಲ್ಲಿ ಹೋಗುವಂತಿಲ್ಲ. ಹೊಸ ರಿಂಗು ಬೋರಿಗೆ ಹೊಂದಿಕೊಳ್ಳಬೇಕು.

"ಲೋಡಿಲ್ದೆ ಎಲ್ಲಿಗೆ ಹೋಗ್ಲಿ?"

"ಎಲ್ಲಿಗಾದ್ರೂ ಹೋಗಿ. ನನ್ನ ಗ್ಯಾರೇಜಿಗೆ ಮಾತ್ರ ಬರ್ಬೇಡಿ."

ಅವಳು ಗಂಡನನ್ನು ಕರೆದಳು. "ನಾನು ಲೋಡ್ ಅಲ್ವಾ?" ಎಂದು ಕೇಳಿದ. "ಖಾಲಿ ಹಾಸಿಗೆ ಸುರುಳಿಯಷ್ಟೂ ಇಲ್ಲ ನೀವು, ಹತ್ರೀ," ಎಂದಳು. ಅವನು ಗುಂಡಿ ಹಾಕಬೇಕಿದ್ದ ಅಂಗಿಗಳ ಗಂಟು, ದಾರದ ಡಬ್ಬಿ ಹಿಡಿದು ಪಕ್ಕದ ಸೀಟಿನಲ್ಲಿ ಕೂತ. ಇಷ್ಟು ವರ್ಷದಲ್ಲಿ ಆ ಸೀಟಿಗೆ ಅವನು ಹತ್ತಿದ್ದು ಅದೇ ಮೊದಲು. ಊರಾಚೆಯ ಹೆದ್ದಾರಿಯಲ್ಲಿ ಬಸ್ಸು ಹಿಂದೆ ಹಾಕಿತು, ಟ್ರ್ಯಾಕ್ಟರ್ ಹಿಂದೆ ಹಾಕಿತು, ಸ್ಕೂಟರಿನ ಹಿಂದೆ ಕೂತ ಒಬ್ಬ ಅಜ್ಜಿ ತಿರುಗಿ ನೋಡಿ ಹೋದಳು. ಅವಳು ಮುಳ್ಳಿನ ಮೇಲೆ ಕೂತವಳಂತೆ ಹಿಂದೆ ಮುಂದೆ ಸರಿದಾಡಿದಳು, ಮುಂದಿನ ಟ್ರ್ಯಾಕ್ಟರಿನವನಿಗೆ ಕೇಳದಂತೆ ಬೈದಳು. ಪಕ್ಕದಲ್ಲಿ ಗಂಡ ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದ.

"ಇಲ್ಲಿ ಬೆಳಕು ಚೆನ್ನಾಗಿದೆ," ಎಂದ.

ನಡುವೆ ಫೋನು ಬಂತು. ಯಾರಿಗೋ ಆ ದಿನವೇ ಮನೆ ಖಾಲಿ ಮಾಡಬೇಕಿತ್ತು, ದೊಡ್ಡ ಬಾಡಿಗೆ. ಗಾಡಿಯನ್ನು ಬದಿಗೆ ನಿಲ್ಲಿಸಿ, ಸ್ಟೀಯರಿಂಗನ್ನು ಉಗುರಿನಿಂದ ಕೆರೆಯುತ್ತ ಅವಳು ತನ್ನ ಬಾಯಾರೆ ಇನ್ನೊಬ್ಬ ಪಿಕಪ್ಪಿನವನ ನಂಬರ್ ಕೊಟ್ಟಳು. ಗಂಡ ಅಂಗಿಯ ಮೇಲಿಂದ ತಲೆಯೆತ್ತದೆ, "ನಾಳೆನೂ ಬರ್ತೀನಿ, ಅಂಗಿ ಇನ್ನೂ ಇದೆ," ಎಂದ. ಹೀಗೆ ದಿನಾ ಬೆಳಿಗ್ಗೆ ಹೋಗಿ, ಎಂಜಿನ್ ತಣಿಯಲು ಮರದ ನೆರಳಲ್ಲಿ ನಿಂತು, ಮಧ್ಯಾಹ್ನಕ್ಕೆ ಮನೆಗೆ ಬಂದು ಉಂಡರು. ಅಷ್ಟರಲ್ಲಿ ಅವನು ಒಂದು ಶಾಲೆಯ ಅಂಗಿಗಳಿಗೆಲ್ಲ ಗುಂಡಿ ಹಾಕಿ ಮುಗಿಸಿದ್ದ.

ಹೆದ್ದಾರಿಯ ಕಿಲೋಮೀಟರ್ ಕಲ್ಲು ಎಣಿಸಿ ಐನೂರು ಮುಗಿದ ಮೇಲೆ ಆಯಿಲ್ ಬದಲಿಸಿ, ಮೊದಲ ಲೋಡ್ ಹೇರಿಕೊಂಡು ಸೇತುವೆ ಹತ್ತಿದಳು. ಮೂರನೇ ಗೇರು. ಟರ್ಬೊ ಸಣ್ಣಗೆ ಸಿಳ್ಳೆ ಹಾಕಿತು, ಬೆನ್ನನ್ನು ಯಾರೋ ತಳ್ಳಿದಂತೆ ಗಾಡಿ ಮೇಲೇರಿತು. ಹಿಂದೆ ಕೂತಿದ್ದ ಅಣ್ಣತಮ್ಮಂದಿರು ಹೋ ಎಂದು ಕೂಗಿದ್ದು ಕೇಳಿಸಿತು. ಹೊಸ ಮನೆಗೆ ಎಷ್ಟು ಬೇಗ ಮುಟ್ಟಿದಳೆಂದರೆ ಬೀಗದ ಕೈ ತರಬೇಕಿದ್ದವರು ಇನ್ನೂ ಬಂದಿರಲಿಲ್ಲ. ಅವರಿಗೆ ಕಾಯುತ್ತ ಕಾಂಪೌಂಡಿನ ಉದ್ದಕ್ಕೂ ಶತಪಥ ಹಾಕಿದಳು.

ಟರ್ಬೊ ಹಾಕಿದ ಗಾಡಿಯನ್ನು ನಿಲ್ಲಿಸಿದ ತಕ್ಷಣ ಆಫ್ ಮಾಡಬಾರದು, ಅದು ತಣಿಯಲು ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಬೇಕು ಎಂದು ಮೇಸ್ತ್ರಿ ಹೇಳಿ ಕಳಿಸಿದ್ದ. ಸಂಜೆ ಮನೆಯೆದುರು ನಿಲ್ಲಿಸಿ ಅವಳು ಸೀಟಿನಲ್ಲೇ ಕೂತಳು. ಬೆರಳು ಸ್ಟೀಯರಿಂಗ್ ಮೇಲೆ ತಾಳ ಹಾಕುತ್ತಿತ್ತು, ಮೊಣಕಾಲು ಕುಣಿಯುತ್ತಿತ್ತು. ಗಂಡ ಮಷಿನ್ ನಿಲ್ಲಿಸಿ ಹೊರಗೆ ಬಂದ.

"ಏನಾಯ್ತೇ? ಯಾಕೆ ಇಳೀತಿಲ್ಲ?"

"ಒಂದು ನಿಮಿಷ ಕೂರ್ಬೇಕಂತೆ, ಮೇಸ್ತ್ರಿ ಹೇಳಿದ್ದಾರೆ."

ಅವನು ಗಾಡಿಯ ಬಾಗಿಲಿಗೆ ಒರಗಿದ. "ಒಂದ್ ನಿಮಿಷ ಕೂರು ಅಂತ ಮದುವೆ ಆದಾಗಿಂದ ಹೇಳಿ ಹೇಳಿ ನನ್ ಬಾಯಿ ನೋವು ಬಂತು. ಆ ಮನುಷ್ಯ ಒಂದು ಎಂಜಿನ್ನಲ್ಲಿ ಮಾಡಿಸಿಬಿಟ್ಟ ನೋಡು," ಎಂದ.

ಅವಳು ನಕ್ಕಳು. ಕೀಲಿ ತಿರುಗಿಸಿದಳು, ಸದ್ದು ಪೂರ್ತಿ ಅಡಗುವ ಮೊದಲೇ ಇಳಿದು ಗಾಡಿಯ ಹಿಂಬದಿಗೆ ಹೋಗಿ ಹಗ್ಗ ಸುತ್ತತೊಡಗಿದಳು.