ಕಪ್ಪು ಗಾಜಿನ ಮೇಲೆ ಒಣಗಿಸಿದ ಶಾವಿಗೆ

ಆಗ ನನಗೆ ಅರವತ್ತೇಳು. ನಾಲ್ಕು ವರ್ಷದ ಹಿಂದಿನ ಮಾತು. ಬೇಸಿಗೆ ಬಂದರೆ ಕಲಘಟಗಿ ತಾಲೂಕಿನ ನಮ್ಮ ಊರಿಂದ ಹೊರಟು ನವಲಗುಂದದ ಕಡೆ ಹಳ್ಳಿ ಹಳ್ಳಿ ತಿರುಗಿ ಶಾವಿಗೆ ಮಾಡಿಕೊಡುವುದು ನಮ್ಮ ಕೆಲಸ. ಮನೆಯವರು ರವೆ ಕೊಡುತ್ತಾರೆ, ನನ್ನ ತಂಗಿ ನಾದುತ್ತಾಳೆ, ನಾನು ಕೈಯಂತ್ರ ತಿರುವುತ್ತೇನೆ, ಸೊಸೆ ಟೆಂಪೋ ಹೊಡೆಯುತ್ತಾಳೆ. ಒಂದು ಸುತ್ತಿಗೆ ಇಪ್ಪತ್ತು ದಿನ. ಊಟ, ನಿದ್ದೆ ಎಲ್ಲ ಟೆಂಪೋದಲ್ಲೇ.

ತಂಗಿಗೆ ಸಕ್ಕರೆ ಕಾಯಿಲೆ. ದಿನಾ ಎರಡು ಹೊತ್ತು ಸೂಜಿ. ಆ ಔಷಧ ತಣ್ಣಗಿರಬೇಕು. ಹಿಂದಿನ ವರ್ಷ ಹಸಿ ಉಸುಕು ತುಂಬಿದ ಗಡಿಗೆಯಲ್ಲಿ ಇಟ್ಟುಕೊಂಡು ಹೋಗಿದ್ದೆವು. ಮೊರಬ ಎಂಬ ಹಳ್ಳಿಯ ಬಿಸಿಲಿಗೆ ಔಷಧ ಕೆಟ್ಟಿತು, ಸಕ್ಕರೆ ಏರಿತು, ಅವಳು ಎರಡು ದಿನ ತಲೆ ಎತ್ತಲಿಲ್ಲ. ಅರ್ಧ ಸುತ್ತಿಗೇ ತಿರುಗಿ ಬಂದೆವು. ಹಾಗಾಗಿ ಆ ವರ್ಷ ಎರಡೇ ದಾರಿ: ಟೆಂಪೋದಲ್ಲಿ ಹಗಲೂ ರಾತ್ರಿ ಒಂದು ಸಣ್ಣ ಫ್ರಿಜ್ ಓಡಬೇಕು, ಇಲ್ಲವೇ ತಂಗಿ ಮನೆಯಲ್ಲಿ ಉಳಿಯಬೇಕು. ಅವಳಿಲ್ಲದೆ ಹೋಗಿ ಪ್ರಯೋಜನವಿಲ್ಲ. ನಾನು ನಾದಿದ ಶಾವಿಗೆ ಕುದಿಯುವ ನೀರಿಗೆ ಬಿದ್ದೊಡನೆ ಮುದ್ದೆಯಾಗುತ್ತದೆ. ಅವಳ ಕೈಯ ಹದ ನನಗೆ ಬಂದಿಲ್ಲ.

ಸೊಸೆ ಐಟಿಐ ಓದಿದವಳು, ಕಲಘಟಗಿಯಲ್ಲಿ ಮೋಟಾರು ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಒಂದು ಭಾನುವಾರ ಹಾಳೆಯ ತುಂಬ ಗೀಟು ಎಳೆದು ತಂದಳು. ಟೆಂಪೋದ ನೆತ್ತಿಯ ಮೇಲೆ ಸೋಲಾರ್ ಹಲಗೆ, ಸೀಟಿನ ಕೆಳಗೆ ಬ್ಯಾಟರಿ, ಅಲ್ಲಿಂದ ವೈರು. ನನ್ನ ಓದು ಎರಡನೇ ಇಯತ್ತೆಗೆ ಮುಗಿದದ್ದು.

"ಹಾಳಿ ಬ್ಯಾಡವಾ, ಒಂದ ಬೊಗಸಿ ಜೋಳ ತಗೊಂಡ ಬಾ" ಅಂದೆ.

ಅವಳು ನಕ್ಕು ಮೊರ ತಂದು ನೆಲದ ಮೇಲೆ ಕೂತಳು. "ಒಂದ ದೀಪ ಒಂದ ತಾಸು ಉರದ್ರ ಒಂದ ಕಾಳ್ರಿ, ಅತ್ತಿ. ಛಲೋ ಬಿಸಲಿದ್ರ ದಿನಕ್ಕ ಅರವತ್ತ ಕಾಳ ಬರ್ತಾವ. ಇನ್ನ ನೀವ ಹಂಚ್ರಿ."

ಫ್ರಿಜ್ಜಿಗೆ ನಲವತ್ತು ಎಣಿಸಿ ಇಟ್ಟೆ. ಎರಡು ದೀಪ ನಾಲ್ಕು ತಾಸಿಗೆ ಎಂಟು. ಮೊಬೈಲಿಗೆ ಎರಡು. ಫ್ಯಾನು ಆರು ತಾಸಿಗೆ ಹನ್ನೆರಡು ಬೇಡಿತು. ಎರಡು ಕಾಳು ಕಡಿಮೆ ಬಿದ್ದವು.

"ಯಂತ್ರಕ್ಕೊಂದ ಮೋಟಾರ ಹಚ್ಚೂಣೇನ್ರಿ?" ಅಂದಳು ಸೊಸೆ. "ತಾಸಿಗೆ ಎಪ್ಪತ್ತೈದ ಕಾಳ ತಿಂತೈತಿ."

"ಅದಕ್ಕಿಂತ ಎತ್ತ ಸಾಕೂದ ಛಲೋ. ಕೈ ಅದಾವ, ತಿರುವತೀನಿ."

ಫ್ಯಾನಿನ ಗುಂಪಿನಿಂದ ನಾಲ್ಕು ಕಾಳು ತೆಗೆದೆ. ತಂಗಿ ನನ್ನ ಕೈ ಹಿಡಿದಳು. "ಯಕ್ಕಾ, ಅದಕ್ಕ ಕೈ ಹಚ್ಚಬ್ಯಾಡ ನೋಡ."

"ಔಷಧ ತಣ್ಣಗಿರಬೇಕೋ, ನೀ ತಣ್ಣಗಿರಬೇಕೋ?"

"ಎರಡೂ ಬೇಕ ಬೇ!"

ನಾನು ಕಾಳು ತಿರುಗಿ ಇಡಲಿಲ್ಲ. ಲೆಕ್ಕ ಐವತ್ತೆಂಟಕ್ಕೆ ನಿಂತಿತು.

ಬ್ಯಾಟರಿಯಲ್ಲಿ ನೂರಾ ಎಂಬತ್ತು ಕಾಳು ಹಿಡಿಯುತ್ತವೆ, ಆದರೆ ಅದರಲ್ಲಿ ಅರ್ಧ ಮುಟ್ಟಬಾರದು, ಮುಟ್ಟಿದರೆ ಬ್ಯಾಟರಿ ಸಾಯುತ್ತದೆ ಎಂದು ಸೊಸೆ ಹೇಳಿದಳು. ಇದನ್ನು ನನಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಬಿತ್ತುವ ಜೋಳವನ್ನು ಹಸಿದರೂ ಬೀಸುವುದಿಲ್ಲ.

ಹಲಗೆ, ಬ್ಯಾಟರಿ ಎಲ್ಲ ಕೂಡಿಸಿ ಆದಮೇಲೆ ಅಂಗಳದಲ್ಲೇ ಮೂರು ದಿನ ಓಡಿಸಿ ನೋಡುವುದು ಎಂದಾಯಿತು. ಔಷಧದ ಬದಲು ಫ್ರಿಜ್ಜಿನಲ್ಲಿ ನೀರಿನ ಬಾಟಲಿ ಇಟ್ಟೆವು. ಮೊದಲ ದಿನ ಎಲ್ಲ ಬರೋಬ್ಬರಿ. ಎರಡನೆಯ ದಿನ ಸೊಸೆ ಕೆಲಸಕ್ಕೆ ಹೋದಳು. ನಾನು, ತಂಗಿ ಮನೆಯ ಖರ್ಚಿಗೆ ನಾಲ್ಕು ಸೇರು ಶಾವಿಗೆ ಮಾಡಿದೆವು. ತಂಗಿ ದಣಿದು ಒಳಗೆ ಅಡ್ಡಾದಳು. ಒಣಗಿಸುವುದು ನನ್ನ ಪಾಲಿನ ಕೆಲಸ. ಅಂಗಳದಲ್ಲಿ ಹಾಕಿದರೆ ಕೋಳಿ, ಕಟ್ಟೆಯ ಮೇಲೆ ಹಾಕಿದರೆ ಬಾಜು ಮನೆಯ ಆಡು. ಮೇಲೆ ನೋಡಿದೆ. ಟೆಂಪೋದ ನೆತ್ತಿಯ ಮೇಲೆ ಕಪ್ಪು ಗಾಜು, ಹಂಚಿನ ಹಾಗೆ ಕಾದಿತ್ತು. ಕೋಳಿ ಏರದ ಜಾಗ. ಏಣಿ ಹಚ್ಚಿ, ಹಳೆಯ ಸೀರೆ ಹಾಸಿ, ಶಾವಿಗೆ ಹರಡಿದೆ. ಸಂಜೆಯೊಳಗೆ ಮುರಿದರೆ ಕಟ್ ಎನ್ನುವಷ್ಟು ಒಣಗಿತು. ಮೂರನೆಯ ದಿನ ಉಳಿದ ರವೆಯನ್ನೂ ತಂಗಿ ನಾದಿಕೊಟ್ಟು ಮಲಗಿದಳು, ಆ ಶಾವಿಗೆಯನ್ನೂ ಹಾಗೇ ಒಣಗಿಸಿದೆ. ಇಷ್ಟು ವರ್ಷ ಇಂಥ ಜಾಗ ಸಿಗಲಿಲ್ಲವಲ್ಲ ಎಂದು ಹಿಗ್ಗಿದೆ ಕೂಡ.

ಆ ಸಂಜೆ ಸೊಸೆ ಬರುವ ಹೊತ್ತಿಗೆ ನಾನು ಶಾವಿಗೆ ಡಬ್ಬಿಗೆ ತುಂಬಿ ಮುಗಿಸಿದ್ದೆ. ಫ್ರಿಜ್ಜಿನ ದೀಪ ಆರಿತ್ತು. ಅವಳು ವೈರು ಎಲ್ಲ ಬಿಚ್ಚಿ ನೋಡಿದಳು, ಬ್ಯಾಟರಿ ನೋಡಿದಳು. ಕೊನೆಗೆ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟಳು.

"ನನ್ನ ಲೆಕ್ಕಾನ ತಪ್ಪೇತ್ರಿ. ನಮ್ಮ ಬಿಸಲಿಗೆ ಈ ಹಲಗಿ ಸಾಲೂದಿಲ್ಲ. ಸಣ್ಣತ್ತಿ ಈ ಸಲ ಮನ್ಯಾಗ ಇರಲಿ."

ತಂಗಿ ಎದ್ದು ತನ್ನ ಹಾಸಿಗೆಯ ಗಂಟನ್ನು ಟೆಂಪೋದಿಂದ ಇಳಿಸಿಕೊಂಡಳು. "ಹೋಗ್ರಿ. ಮುದ್ದಿ ಮಾಡಿ ಬರ್ರಿ" ಅಂದಳು. ಬಿಸಿಲೇನು ಕಡಿಮೆ ಇತ್ತೇ?

ಕೊನೆಯ ಸಲ ನೋಡುತ್ತೇನೆಂದು ಸೊಸೆ ಮೇಲೆ ಹತ್ತಿದಳು. ಇಳಿದು ಬಂದು ಬೆರಳು ತೋರಿಸಿದಳು. ತುದಿಗೆ ಬಿಳಿ ಪುಡಿ. "ಎಷ್ಟ ಧೂಳ ಕುಂತೈತಿ ನೋಡ್ರಿ."

ತಂಗಿ ಆ ಬೆರಳನ್ನು ಎಳೆದುಕೊಂಡು ಪುಡಿಯನ್ನು ಉಜ್ಜಿ ನೋಡಿದಳು, ನಾಲಿಗೆಗೆ ಹಚ್ಚಿದಳು. "ಧೂಳಲ್ಲ ಇದು. ನನ್ನ ರವಾ."

ಇಬ್ಬರೂ ನನ್ನ ಕಡೆ ತಿರುಗಿದರು.

"ಶಾವಿಗಿ ಒಣಗಿಸಿದ್ದೆ," ಅಂದೆ. "ಎರಡೂ ದಿನ. ಕೆಳಗ ಸೀರಿ ಹಾಸಿ."

ಸೊಸೆ ಅಲ್ಲೇ ನೆಲದ ಮೇಲೆ ಕೂತಳು. "ಅತ್ತಿ! ಕಾಳ ಬರೂದ ಆ ಗಾಜಿನಿಂದರೀ! ಜೋಳ ತುಂಬಿಡೂ ಹಗೇವಿನ ಬಾಯಿಗೆ ಸೀರಿ ಹೊಚ್ಚಿ, ಒಳಗ ಜೋಳ ಯಾಕ ಬೀಳವಲ್ದು ಅಂದಂಗಾತು!"

"ನನ್ನ ಬಿಟ್ಟ ಹೋಗಾಕ ಹೂಡಿದ ಆಟ ಇದು," ಅಂದಳು ತಂಗಿ. "ನಾಲ್ಕ ಕಾಳ ಕದ್ದಾಗನ ನನಗ ಅನಮಾನ ಇತ್ತು."

"ಹಂಗ ಬಿಡೂದಿದ್ರ ಮೊರಬದಾಗ ಬಿಟ್ಟ ಬರತಿದ್ದೆ" ಅಂದೆ. ತಪ್ಪಾಯಿತು ಎಂದು ಹೇಳಲಿಲ್ಲ. ಫ್ಯಾನಿನಿಂದ ತೆಗೆದಿದ್ದ ನಾಲ್ಕು ಕಾಳಿನಲ್ಲಿ ಎರಡನ್ನು ಮೊರದಲ್ಲಿ ಅವಳ ಮುಂದಿಟ್ಟೆ. ಇದ್ದದ್ದೇ ಅರವತ್ತು, ಎರಡಕ್ಕಿಂತ ಹೆಚ್ಚು ಕೊಡಲಿಕ್ಕೆ ಬರುತ್ತಿರಲಿಲ್ಲ. ಅವಳು ಎಣಿಸಿ ತೆಗೆದುಕೊಂಡು, ಹಾಸಿಗೆಯ ಗಂಟನ್ನು ತಿರುಗಿ ಟೆಂಪೋದೊಳಗೆ ಒಗೆದಳು.

ಬ್ಯಾಟರಿ ತುಂಬಲಿ, ಮತ್ತೆ ಮೂರು ದಿನ ನೋಡೂಣು ಅಂದಳು ಸೊಸೆ.

ಮರುದಿನ ಬೆಳಗ್ಗೆ ಹೊತ್ತು ಹುಟ್ಟುವ ಮೊದಲೇ ಎದ್ದೆ. ಹಸಿ ಅರಿವೆ ತೆಗೆದುಕೊಂಡು ಮೇಲೆ ಹತ್ತಿ, ರವೆಯ ಕಣ ಒಂದೂ ಉಳಿಯದಂತೆ ಗಾಜು ಒರೆಸಿದೆ. ಇಳಿದು ಬಂದು, ಏಣಿಯನ್ನು ಹೊತ್ತುಕೊಂಡು ಹೋಗಿ ಸೊಸೆಯ ಕೋಣೆಯಲ್ಲಿ ಇಟ್ಟುಬಂದೆ.