ಚನ್ನಬಸಪ್ಪನವರ ತಿಜೋರಿಯಲ್ಲಿ ನನ್ನ ಪಾಸ್‌ಪೋರ್ಟು

ಅಜ್ಜಂಪುರದಲ್ಲಿ ರೈಲಿಳಿದು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನನ್ನ ಪಾಸ್‌ಪೋರ್ಟು, ಪದವಿ ಪತ್ರ, ಶಿಕ್ಷಕರ ತರಬೇತಿಯ ಸರ್ಟಿಫಿಕೇಟು ಎಲ್ಲವೂ ಒಂದು ಕಬ್ಬಿಣದ ತಿಜೋರಿಯೊಳಗೆ ಸೇರಿಬಿಟ್ಟಿದ್ದವು. ಹೆಣ್ಣುಮಕ್ಕಳ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಬಂದ ನನ್ನನ್ನು ಶಾಲೆಗೆ ಕರೆದೊಯ್ಯುವ ಬದಲು ಮಂಡಿಗೆ ಕರೆದೊಯ್ದಿದ್ದರು. ನಾನು ಕಲಿತ ಕನ್ನಡದಲ್ಲಿ ಮಂಡಿ ಎಂದರೆ ಮೊಣಕಾಲು. ಇಲ್ಲಿ ಅದು ಈರುಳ್ಳಿ ಮೂಟೆಗಳು ಸೂರು ಮುಟ್ಟುವಂತೆ ಪೇರಿಸಿಟ್ಟ ವ್ಯಾಪಾರದ ಮನೆ. ಅದರ ಯಜಮಾನರೂ ಶಾಲೆಯ ಕಾರ್ಯದರ್ಶಿಯೂ ಆದ ಚನ್ನಬಸಪ್ಪನವರು ಹಣೆತುಂಬ ವಿಭೂತಿ ಧರಿಸಿ, ಗಾದಿಯ ಮೇಲೆ ಕೂತು, ನನ್ನ ಕಾಗದಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಎದ್ದು, ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ತೆಗೆದು, ಎಲ್ಲವನ್ನೂ ಒಳಗಿಟ್ಟು ಬಾಗಿಲು ಹಾಕಿದರು.

"ಇಲ್ಲಿರ್ಲಿ ಬಿಡಿ ಮೇಡಮ್ಮ. ಗೆದ್ಲು ಹತ್ತಲ್ಲ, ಇಲಿ ಕಡಿಯಲ್ಲ. ಇನ್ನು ನೀವು ನಮ್ಮೂರೋರಾದ್ರಿ" ಎಂದರು. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ನನಗೆ ಒಳಗೊಳಗೇ ದಿಗಿಲಾಯಿತು.

ಅದಕ್ಕೆ ಕಾರಣವಿತ್ತು. ನಾನು ಹುಟ್ಟಿ ಬೆಳೆದದ್ದು ಆಫ್ರಿಕದ ಯುಗಾಂಡ ದೇಶದ ಕಂಪಾಲದಲ್ಲಿ. ಅಪ್ಪ ಮಂಗಳೂರಿನಿಂದ ಹೋಗಿ ಅಲ್ಲಿ ಮೇಷ್ಟ್ರಾದವರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಅಲ್ಲಿನ ಜನರ ಲುಗಾಂಡ ಭಾಷೆ. ಕನ್ನಡವನ್ನು ಅಮ್ಮ ಊರಿಂದ ತರಿಸುತ್ತಿದ್ದ ವಾರಪತ್ರಿಕೆಗಳನ್ನು ಎದುರಿಗಿಟ್ಟು ಕಲಿಸಿದ್ದಳು. ೧೯೭೨ರಲ್ಲಿ ಅಲ್ಲಿನ ಸರ್ವಾಧಿಕಾರಿ ಭಾರತ ಮೂಲದ ನಮ್ಮಂಥವರೆಲ್ಲ ಮೂರು ತಿಂಗಳಲ್ಲಿ ದೇಶ ಬಿಡಬೇಕೆಂದು ಅಪ್ಪಣೆ ಮಾಡಿದ. ನಮ್ಮಲ್ಲಿದ್ದದ್ದು ಬ್ರಿಟಿಷ್ ಪಾಸ್‌ಪೋರ್ಟು. ತಮ್ಮ ಇಂಗ್ಲೆಂಡಿಗೆ ಹೋದ. ಅಪ್ಪ, ಅಮ್ಮ, ನಾನು ಮಂಗಳೂರಿನ ಅತ್ತೆಯ ಮನೆಗೆ ಬಂದೆವು. ಅಲ್ಲಿರುವಾಗಲೇ ಅಜ್ಜಂಪುರದ ಈ ಕೆಲಸದ ಜಾಹೀರಾತು ಕಣ್ಣಿಗೆ ಬಿದ್ದದ್ದು. ಘಟ್ಟ ಹತ್ತಿ, ಕಡೂರಿನಲ್ಲಿ ಬಸ್ಸಿಳಿದು ರೈಲು ಹಿಡಿಯುವಾಗ, ಭಾರತದೊಳಗೆ ಇನ್ನೊಂದು ಭಾರತಕ್ಕೆ ಹೋಗುತ್ತಿದ್ದೇನೆ ಅನ್ನಿಸಿತ್ತು.

ಮಂಗಳೂರಿನ ನಮ್ಮವರು ಈಗಲೂ ಕೇಳುತ್ತಾರೆ: ಮೀನಿಲ್ಲ, ಸಮುದ್ರವಿಲ್ಲ, ಆ ಬಯಲಿನಲ್ಲಿ ಹೇಗಿದ್ದೀ? ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇದ್ದೆ. ನನಗೆ ಬಾಡಿಗೆಗೆ ಸಿಕ್ಕಿದ್ದು ಚನ್ನಬಸಪ್ಪನವರ ಅಕ್ಕ ಗಂಗಮ್ಮನವರ ಮನೆಯ ಹಿಂಭಾಗ. ಗಂಡ ತೀರಿಕೊಂಡ ಮೇಲೆ ತವರೂರಿಗೆ ಬಂದು, ಸ್ವಂತ ಮನೆ ಕಟ್ಟಿಸಿಕೊಂಡು ಇದ್ದವರು ಅವರು. ಮಾಂಸ ಮೊಟ್ಟೆ ಬೇಯಿಸಬಾರದೆಂಬುದೊಂದೇ ಅವರ ಷರತ್ತು. ಒಪ್ಪಿಕೊಂಡೆ. ಮೀನಿನ ಆಸೆಯಾದರೆ ಲಕ್ಕವಳ್ಳಿಯಲ್ಲಿ ಅಣೆಕಟ್ಟೆಯ ಕಚೇರಿಯಲ್ಲಿದ್ದ ಮಂಗಳೂರಿನ ಕುಟುಂಬವೊಂದರ ಮನೆಗೆ ಭಾನುವಾರ ತರೀಕೆರೆಯ ಮೇಲೆ ಹೋಗಿ ಬರುತ್ತಿದ್ದೆ.

ಮೊದಲ ದಿನ ಗಂಗಮ್ಮ ಮುದ್ದೆ ಬಡಿಸಿ, ಈ ಹುಡುಗಿ ಹೇಗೆ ನುಂಗುತ್ತಾಳೋ ನೋಡೋಣವೆಂದು ಎದುರಿಗೆ ಕೂತರು. ನಾನು ಮುರಿದು, ಸಾರಿನಲ್ಲಿ ಅದ್ದಿ, ಸಲೀಸಾಗಿ ನುಂಗಿದೆ. ಯುಗಾಂಡದ ಪಶ್ಚಿಮದ ಜನ ಇದೇ ರಾಗಿಯಿಂದ ಕಾಲೋ ಎಂಬ ಮುದ್ದೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು ಅದನ್ನು ನನಗೆ ಚಿಕ್ಕಂದಿನಲ್ಲೇ ತಿನ್ನಿಸಿದ್ದಳು. "ಅಲ್ಲೂ ರಾಗಿ ಬೆಳೀತಾರಾ?" ಎಂದು ಗಂಗಮ್ಮ ಬೆರಗಾದರು. ಮರುದಿನ ಕೇರಿಗೆಲ್ಲ ಸುದ್ದಿಯಾಯಿತು: ಮೇಡಂ ಆಫ್ರಿಕದೋಳಾದರೂ ಮುದ್ದೆ ಉಣ್ಣುತ್ತಾಳೆ. ನಾನು ತೋಟದ ಹಸಿ ಬಾಳೆಕಾಯಿಯನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ, ಮಟೋಕೆ ಎಂಬ ಅಲ್ಲಿನ ಊಟ ಮಾಡಿ ಕೊಟ್ಟೆ. ಅವರು ಒಂದು ತುತ್ತು ತಿಂದು, "ಜ್ವರ ಬಂದೋರಿಗೆ ಚೆನ್ನಾಗಿರುತ್ತೆ ಕಣೇ" ಎಂದರು.

ಭಾಷೆಯದೇ ಸ್ವಲ್ಪ ಕಷ್ಟ. ನನ್ನದು ಪತ್ರಿಕೆಯ ಕನ್ನಡ, ಅದಕ್ಕೆ ಮಂಗಳೂರಿನ ಲೇಪ. ತರಗತಿಯಲ್ಲಿ "ನಾಳೆ ಪರೀಕ್ಷೆ ಉಂಟು" ಎಂದರೆ ಹುಡುಗಿಯರು ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು. ಕಂಪಾಲದಲ್ಲಿ ಮಕ್ಕಳು ನನ್ನನ್ನು ನ್ಯಾಬೋ ಎನ್ನುತ್ತಿದ್ದರು. ಅಮ್ಮಾವರೇ ಎಂದ ಹಾಗೆ. ಇಲ್ಲಿನವರು ಐರಿನ್ ಎಂಬ ನನ್ನ ಹೆಸರಿಗೇ ಬಾಲ ಸೇರಿಸಿ ಐರಿನಮ್ಮ ಮಾಡಿದರು. ಅದು ಹಿತವಾಗಿತ್ತು.

ಆದರೆ ಸಂಜೆ ಮಂಡಿಯ ಮುಂದೆ ಹಾದು ಬರುವಾಗೆಲ್ಲ ನನ್ನ ಕಣ್ಣು ತಿಜೋರಿಯಿದ್ದ ಒಳಕೋಣೆಯ ಕಡೆ ತಾನಾಗಿ ಹೋಗುತ್ತಿತ್ತು. ಕಾಗದಗಳನ್ನು ಯಾಕೆ ಇಟ್ಟುಕೊಂಡಿದ್ದೀರೆಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. ಚನ್ನಬಸಪ್ಪನವರು ಮುಚ್ಚುಮರೆಯಿಲ್ಲದೆ ಹೇಳಿದರು: "ನಿಮಗಿಂತ ಮುಂಚೆ ಇಬ್ರು ಬಂದಿದ್ರು ಕಣಮ್ಮ. ಸರ್ಕಾರಿ ಕೆಲಸ ಸಿಕ್ತು ಅಂತ ನಡುವರ್ಷದಲ್ಲಿ ಗಂಟುಮೂಟೆ ಕಟ್ಟಿದ್ರು. ಹತ್ತನೇ ಕ್ಲಾಸಿನ ಹೆಣ್ಮಕ್ಳು ಇಂಗ್ಲಿಷಲ್ಲಿ ಕೂತ್ಕಂಡ್ಬಿಟ್ರು. ಒಂದ್ಸಲ ಫೇಲಾದ್ರೆ ಹೆಣ್ಣುಡುಗೀನ ಮತ್ತೆ ಸ್ಕೂಲಿಗೆ ಕಳಿಸ್ತಾರಾ? ಮದುವೆ ಮಾಡಿ ಕಳಿಸಿಬಿಡ್ತಾರೆ." ಅದು ಸುಳ್ಳಾಗಿರಲಿಲ್ಲ. ಹೆಣ್ಣುಮಕ್ಕಳು ಓದಲೆಂಬ ಅವರ ಆಸೆಯೂ ಸುಳ್ಳಾಗಿರಲಿಲ್ಲ. ನಾನು ತಲೆ ಆಡಿಸಿ ಬಂದೆ.

ದೀಪಾವಳಿ ಕಳೆದ ಮೇಲೆ ಚನ್ನಬಸಪ್ಪನವರು ಹೆಂಡತಿಯೊಂದಿಗೆ ಕಾಶಿಗೆ ಹೊರಟರು. ಉಡಿದಾರದ ಬೀಗದ ಕೈಯೂ ಅವರೊಂದಿಗೆ ಕಾಶಿಗೆ ಹೋಯಿತು. ಅವರು ಹೋದ ನಾಲ್ಕಾರು ದಿನಕ್ಕೆ ಪೊಲೀಸ್ ಸ್ಟೇಷನ್ನಿನಿಂದ ಒಬ್ಬರು ಬಂದು, ಇಲ್ಲಿರಲು ನನಗೆ ಕೊಟ್ಟ ಅನುಮತಿ ಮುಗಿಯುತ್ತಾ ಬಂದಿದೆ, ಪಾಸ್‌ಪೋರ್ಟು ತೆಗೆದುಕೊಂಡು ಚಿಕ್ಕಮಗಳೂರಿಗೆ ಹೋಗಿ ಮುಂದುವರಿಸಿಕೊಳ್ಳಬೇಕು ಎಂದು ತಿಳಿಸಿದರು. ಆಮೇಲೆ ಮೂರು ರಾತ್ರಿ ನಾನು ಸರಿಯಾಗಿ ಮಲಗಲಿಲ್ಲ. ಗಂಗಮ್ಮ ನನ್ನ ಮುಖ ನೋಡಿ ಕೇಳಿ ತಿಳಿದುಕೊಂಡರು. "ನಡಿ, ನಾನೂ ಬತ್ತೀನಿ" ಎಂದು ಹೊಸ ಸೀರೆ ಉಟ್ಟು ಹೊರಟೇಬಿಟ್ಟರು.

ಚಿಕ್ಕಮಗಳೂರಿನ ಅಧಿಕಾರಿ ಒರಟನಲ್ಲ. ಪಾಸ್‌ಪೋರ್ಟು ಎಲ್ಲಿ ಎಂದು ಕೇಳಿದರು. ನಾನು ತೊದಲುವಾಗ ಗಂಗಮ್ಮ ಮುಂದೆ ಬಂದು, "ನನ್ನ ತಮ್ಮನ ತಿಜೋರೀಲಿ ಭದ್ರವಾಗೈತೆ ಸ್ವಾಮಿ. ಅವ್ನು ಕಾಶಿಗೋಗವ್ನೆ" ಎಂದರು.

"ಇವರ ಪಾಸ್‌ಪೋರ್ಟು ನಿಮ್ಮ ತಮ್ಮನ ತಿಜೋರೀಲಿ ಯಾಕಿದೆ?"

"ಜೋಪಾನಕ್ಕೆ."

ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನೋಡಿ, ಇಲ್ಲಿ ನೀವು ಯಾರು ಅನ್ನೋದನ್ನ ಹೇಳೋದು ಅದೊಂದೇ. ಅದನ್ನ ಬೇರೆಯವರ ಕೈಯಲ್ಲಿ ಬಿಟ್ಟು ನೀವು ಹೇಗೆ ಧೈರ್ಯವಾಗಿದ್ದೀರಿ? ಹದಿನೈದು ದಿನ ಕೊಡ್ತೀನಿ. ಅಷ್ಟರೊಳಗೆ ತರದಿದ್ರೆ ನನ್ನ ಕೈಲೂ ಏನೂ ಇರಲ್ಲ."

ವಾಪಸು ಬಸ್ಸಿನಲ್ಲಿ ಕಡೂರು ದಾಟಿದ ಮೇಲೆ ಗಂಗಮ್ಮ, "ಅಲ್ಲಿ ಯಾಕೆ ಹಂಗೆ ತೊದಲ್ತಿದ್ದೆ?" ಎಂದು ಕೇಳಿದರು. ಆ ಊರಿನಲ್ಲಿ ಯಾರಿಗೂ ಹೇಳದಿದ್ದುದನ್ನು ನಾನು ಅವರಿಗೆ ಹೇಳಿದೆ.

ಕಂಪಾಲ ಬಿಟ್ಟ ದಿನ ವಿಮಾನ ನಿಲ್ದಾಣದ ದಾರಿಯಲ್ಲಿ ಸೈನಿಕರು ನಮ್ಮ ಕಾರನ್ನು ತಡೆದರು. ಅಮ್ಮನ ಬಳೆ ಬಿಚ್ಚಿಸಿಕೊಂಡರು. ಅದಕ್ಕೆ ನಾವು ಸಿದ್ಧರಿದ್ದೆವು. ಅಪ್ಪನ ತೊಡೆಯ ಮೇಲೆ ಒಂದು ಚರ್ಮದ ಚೀಲವಿತ್ತು. ಅದರಲ್ಲಿ ಅವರ ಪದವಿ ಪತ್ರ, ನೇಮಕದ ಆದೇಶ, ಅಷ್ಟು ವರ್ಷ ಪಾಠ ಹೇಳಿದ್ದಕ್ಕೆ ಶಾಲೆ ಕೊಟ್ಟ ಪತ್ರಗಳಿದ್ದವು. ಒಬ್ಬ ಎಳೆಯ ಸೈನಿಕ ಚೀಲವನ್ನು ಕಿತ್ತುಕೊಂಡು, ದುಡ್ಡಿಲ್ಲವೆಂದು ಗೊತ್ತಾಗಿ, ರಸ್ತೆ ಬದಿಯ ಕೆಸರಿಗೆ ಬೋರಲು ಸುರಿದು ಬೂಟಿನಿಂದ ತುಳಿದ. ಪಾಸ್‌ಪೋರ್ಟುಗಳು ಅಮ್ಮನ ಬಳಿಯಿದ್ದ ಕಾರಣ ಉಳಿದವು. ನನ್ನ ಸರ್ಟಿಫಿಕೇಟುಗಳನ್ನು ನಾನು ಲಂಗದೊಳಗೆ ಹೊಲಿದುಕೊಂಡಿದ್ದೆ. ಮಂಗಳೂರಿನಲ್ಲಿ ಅಪ್ಪ ಶಾಲೆಯಿಂದ ಶಾಲೆಗೆ ಅಲೆದರು. ಮೇಷ್ಟ್ರಾಗಿದ್ದೆ ಎಂದರೆ ಎಲ್ಲರೂ ಮರ್ಯಾದೆಯಿಂದಲೇ ಕೇಳುತ್ತಿದ್ದರು, ಏನಾದರೂ ಆಧಾರವಿದೆಯೇ ಎಂದು. ಕೊನೆಗೆ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾದರು. ಪಾಠ ಹೇಳಬೇಕೆನಿಸಿದಾಗ ಅತ್ತೆಯ ಮೊಮ್ಮಕ್ಕಳನ್ನು ಕೂರಿಸಿಕೊಂಡು ಭೂಗೋಳ ಹೇಳುತ್ತಿದ್ದರು.

ಗಂಗಮ್ಮ ಕಿಟಕಿಯಾಚೆ ನೋಡುತ್ತಾ ಕೇಳಿಸಿಕೊಂಡರು. "ಅವನು ಬರ್ಲಿ" ಎಂದಷ್ಟೇ ಹೇಳಿದರು.

ಗಡುವು ಮುಗಿಯುವ ಮೊದಲೇ ಚನ್ನಬಸಪ್ಪನವರು ಕಾಶಿಯಿಂದ ಬಂದರು. ಮರುದಿನವೇ ನಾವಿಬ್ಬರೂ ಮಂಡಿಗೆ ಹೋದೆವು. ಅವರು ಗಂಗಾಜಲದ ಗಿಂಡಿಯನ್ನೂ ಪ್ರಸಾದವನ್ನೂ ಕೊಟ್ಟರು. ನಾನು ನಿಂತುಕೊಂಡೇ, "ನನ್ನ ಕಾಗದಗಳು ಬೇಕು. ಚಿಕ್ಕಮಗಳೂರಿಗೆ ತೋರಿಸಿ ಬರಲು ಮಾತ್ರವಲ್ಲ. ಇನ್ನು ಮುಂದೆ ನನ್ನ ಬಳಿಯೇ ಇರಬೇಕು" ಎಂದೆ.

ಅವರ ಮುಖ ಸಣ್ಣದಾಯಿತು. "ಯಾಕಮ್ಮ, ನಾನೇನು ಕಳ್ಳನಾ? ಮಗಳ ಹಂಗೆ ನೋಡ್ಕಂಡಿಲ್ವಾ?"

"ನೋಡಿಕೊಂಡಿದ್ದೀರಿ. ನಿಮ್ಮ ಮೇಲೆ ಅನುಮಾನವಿಲ್ಲ."

"ಮತ್ತೆ? ಕೊಟ್ರೆ ನಾಳೆ ನೀವೂ ರೈಲು ಹತ್ತಿದ್ರೆ ನಾನು ಆ ಮಕ್ಕಳಿಗೆ ಏನು ಹೇಳ್ಲಿ?"

"ಹೋಗುವುದಿದ್ದರೆ ನಿಮಗೆ ಹೇಳಿಯೇ ಹೋಗುತ್ತೇನೆ. ಪರೀಕ್ಷೆ ಮುಗಿಯುವವರೆಗೆ ಹೋಗುವುದಿಲ್ಲ. ನನ್ನ ಮಾತನ್ನು ಇಟ್ಟುಕೊಳ್ಳಿ, ಕಾಗದ ನನಗೆ ಕೊಡಿ."

ಅವರು ಉಳಿದ ಪ್ರಸಾದದ ಪೊಟ್ಟಣವನ್ನು ಮತ್ತೆ ಮತ್ತೆ ಮಡಿಸತೊಡಗಿದರು. ಆಗ ಗಂಗಮ್ಮ ಗಾದಿಯ ತುದಿಯಲ್ಲಿ ಕೂತು ನಿಧಾನವಾಗಿ ಹೇಳಿದರು:

"ನಮ್ಮೆಜಮಾನ್ರು ಹೋದಾಗ ದೇವನೂರಿನ ತೋಟದ ಪತ್ರಾನೆಲ್ಲ ನಮ್ಮ ಭಾವ ಇಟ್ಕಂಡಿದ್ರು. ಜೋಪಾನಕ್ಕೆ ಅಂದ್ರು. ಅವ್ರೂ ಕೆಟ್ಟೋರಲ್ಲ. ಆದ್ರೆ ಒಂದು ಖಾತೆ ಮಾಡಿಸ್ಬೇಕಾದ್ರೂ ಅವ್ರ ಮನೆ ಬಾಗಿಲಿಗೋಗಿ ನಿಂತ್ಕಬೇಕಿತ್ತು. ನಂದೇ ತೋಟಕ್ಕೆ ನಾನು ಬೇಡೋ ಹಂಗಾಗಿತ್ತು. ಅವತ್ತು ಅಮಲ್ದಾರ್ರ ಮುಂದೆ ನಿಂತು, ನಮ್ಮಕ್ಕನ ಪತ್ರ ನಮ್ಮಕ್ಕನ ಕೈಲಿರ್ಬೇಕು ಅಂತ ಜಗಳ ಆಡ್ದೋನು ಯಾರೋ?"

ಚನ್ನಬಸಪ್ಪನವರು ಅಕ್ಕನನ್ನೇ ನೋಡಿದರು. ಹೊರಗೆ ಹಮಾಲರು ಮೂಟೆ ಇಳಿಸುವ ಸದ್ದು ಕೇಳುತ್ತಿತ್ತು. "ಅದು ಬೇರೆ, ಇದು ಬೇರೆ" ಎಂದರು, ಆದರೆ ಮಾತಿನಲ್ಲಿ ಕಸುವಿರಲಿಲ್ಲ.

"ಏನ್ ಬೇರೆ? ನಂಗೆ ನೀನಿದ್ದೆ. ಇವ್ಳಿಗೆ ಇಲ್ಲಿ ಯಾರವ್ರೆ? ಇವ್ಳಪ್ಪನ ಕಥೆ ಗೊತ್ತಾ ನಿಂಗೆ?"

ಕಥೆಯನ್ನು ಗಂಗಮ್ಮನೇ ಹೇಳಿದರು. ಅವರ ಬಾಯಲ್ಲಿ ಸೈನಿಕರು ಕಳ್ಳರಾದರು, ಕಾರು ಗಾಡಿಯಾಯಿತು, ಆದರೆ ಕೆಸರಿಗೆ ಸುರಿದ ಕಾಗದಗಳು ಹಾಗೆಯೇ ಉಳಿದವು. ಚನ್ನಬಸಪ್ಪನವರು ಕೊನೆಯವರೆಗೂ ಕೇಳಿ ಎದ್ದರು. ತಿಜೋರಿ ತೆಗೆದು, ನನ್ನ ಕಾಗದಗಳನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಕೆಂಪು ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಒಂದು ಮೂಲೆಯೂ ಮಡಿಚಿರಲಿಲ್ಲ.

"ಬಟ್ಟೆ ಇರ್ಲಿ ಐರಿನಮ್ಮ. ನಿಮ್ಮ ತಂದೆಯೋರು ಯಾವತ್ತಾದ್ರೂ ಈ ಕಡೆ ಬಂದ್ರೆ ಮಕ್ಕಳಿಗೆ ಭೂಗೋಳ ಹೇಳ್ಲಿ. ನಾನು ಕಾಗದ ಕೇಳಲ್ಲ" ಎಂದರು.

ಗಡುವಿನೊಳಗೇ ಚಿಕ್ಕಮಗಳೂರಿಗೆ ಹೋಗಿ ಅನುಮತಿ ಮುಂದುವರಿಸಿಕೊಂಡು ಬಂದೆ. ಮಾರ್ಚಿನಲ್ಲಿ ಹತ್ತನೆಯವರ ಪರೀಕ್ಷೆ ಮುಗಿಯಿತು. ಅದಾಗಿ ಎರಡು ದಿನಕ್ಕೆ ಚನ್ನಬಸಪ್ಪನವರು ಗಂಗಮ್ಮನ ಮನೆಗೆ ಬಂದು, ಏನೂ ಕೇಳದೆ ಮಜ್ಜಿಗೆ ಕುಡಿದು ಹೋದರು. ಅವರು ಏನು ಕೇಳಲು ಬಂದಿದ್ದರೆಂದು ನನಗೂ ಗಂಗಮ್ಮನಿಗೂ ಗೊತ್ತಿತ್ತು. ಮರುದಿನ ನಾನೇ ಮಂಡಿಗೆ ಹೋಗಿ, ಜೂನಿನಲ್ಲಿ ಎಂಟನೆಯವರಿಗೂ ನಾನೇ ಇಂಗ್ಲಿಷ್ ತೆಗೆದುಕೊಳ್ಳಲೇ ಎಂದು ಕೇಳಿದೆ. ಅವರು ಎರಡು ಕಾಫಿ ತರಿಸಿದರು. ಅಪ್ಪನೂ ಬಂದರು, ಒಂದು ಬೇಸಿಗೆ. ಶಾಲೆಗೆ ರಜೆಯಾದರೂ ಚನ್ನಬಸಪ್ಪನವರು ಮಕ್ಕಳನ್ನು ಹೇಳಿ ಕಳಿಸಿ ಕೂಡಿಸಿದರು. ಅಪ್ಪ ಹಳೆಯ ಕೋಟು ಹಾಕಿಕೊಂಡು, ನೈಲ್ ನದಿ ಎಲ್ಲಿ ಹುಟ್ಟುತ್ತದೆಂದು ಹಲಗೆಯ ಮೇಲೆ ಬರೆದು ತೋರಿಸಿದರು. ಆ ದಿನ ಅವರ ಬೆರಳಿನ ಸೀಮೆಸುಣ್ಣವನ್ನು ನೋಡಿ ನನಗೆ ಆದ ಸಂತೋಷವನ್ನು ಬರೆಯಲಾರೆ.

ಹೀಗೆ ವರ್ಷಗಳು ಕಳೆದವು. ತಮ್ಮ ಇಂಗ್ಲೆಂಡಿನಿಂದ ಬಾ ಎಂದು ಬರೆಯುತ್ತಲೇ ಇದ್ದ. ಹೋಗಬಹುದಿತ್ತು, ಪಾಸ್‌ಪೋರ್ಟು ಕೈಯಲ್ಲೇ ಇತ್ತು. ಕೈಯಲ್ಲೇ ಇತ್ತೆಂದೇ ಏನೋ, ಹೋಗಬೇಕೆಂಬ ಅವಸರ ಹುಟ್ಟಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ, ನನ್ನ ಮೊದಲ ವರ್ಷದ ತರಗತಿಯಲ್ಲಿದ್ದ ಲಿಂಗದಹಳ್ಳಿ ಕಡೆಯ ಶಕುಂತಲೆಗೆ ನೈಜೀರಿಯದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅವಳ ಅಪ್ಪ ರುದ್ರಪ್ಪ ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದರು. ಮೂಲ ಸರ್ಟಿಫಿಕೇಟುಗಳನ್ನು ಮನೆಯಲ್ಲೇ ಬಿಟ್ಟು ಹೋಗಲಿ ಎಂಬುದು ಅವರ ವಾದ. ಅಲ್ಲಿನ ಶಾಲೆಯವರು ತಮಗೆ ಒಪ್ಪಿಸಬೇಕೆಂದು ಬರೆದಿದ್ದಾರೆ ಎಂಬುದು ಅವಳ ದಿಗಿಲು. "ತೋರಿಸು, ಕೂತು ನಕಲು ಮಾಡಿಕೊಳ್ಳಲಿ, ಮೂಲ ನಿನ್ನ ಬಳಿಗೇ ವಾಪಸು ಬರಬೇಕು. ಅಪ್ಪನ ಬಳಿಯೂ ಬೇಡ, ಅವರ ಬಳಿಯೂ ಬೇಡ" ಎಂದೆ. ರುದ್ರಪ್ಪ ಸ್ವಲ್ಪ ಮುನಿಸಿಕೊಂಡರು, ಆಮೇಲೆ ಒಪ್ಪಿದರು.

ಅವಳನ್ನು ಬೊಂಬಾಯಿ ಕಡೆಗೆ ಕಳಿಸಲು ಕಡೂರು ಸ್ಟೇಷನ್ನಿಗೆ ನಾನೂ ಹೋದೆ. ಅಲ್ಲಿಯವರೆಗೆ ನನ್ನ ಬದುಕಿನಲ್ಲಿ ಊರು ಬಿಡುವಾಗೆಲ್ಲ ನಾನು ಕಿಟಕಿಯೊಳಗೆ ಇದ್ದವಳು. ಉಳಿಯುವವರ ಜೊತೆ ಪ್ಲಾಟ್‌ಫಾರ್ಮಿನ ಮೇಲೆ ನಿಂತದ್ದು ಅದೇ ಮೊದಲು. ರೈಲು ಕದಲಿದಾಗ ಶಕುಂತಲೆ ಕಿಟಕಿಯಿಂದ, "ಮೇಡಂ, ಅಲ್ಲಿ ಒಗ್ಗುತ್ತಾ?" ಎಂದು ಕೂಗಿದಳು. "ಒಗ್ಗುತ್ತೆ ಕಣೇ" ಎಂದೆ, ಅವಳ ಊರಿನ ಮಾತಿನಲ್ಲೇ.

ರೈಲು ಮರೆಯಾದ ಮೇಲೆ ರುದ್ರಪ್ಪ ಕಣ್ಣೊರೆಸಿಕೊಂಡು, "ನಡೀರಿ ಮೇಡಂ, ಊರಿಗೆ ಹೋಗಾಣ" ಎಂದರು. ನಡೆಯಿರಿ ಎಂದೆ. ಊರು ಎಂದಾಗ ನನ್ನ ಮನಸ್ಸಿಗೆ ಬಂದದ್ದು ಕೆಂಪು ಮಣ್ಣಿನ ಗುಡ್ಡದ ಮೇಲಿನ ಕಂಪಾಲದ ನಮ್ಮ ಬೀದಿ. ಆದರೆ ನನ್ನ ಕಾಲು ಅದಾಗಲೇ ಅಜ್ಜಂಪುರದ ಬಸ್ಸು ನಿಲ್ಲುವ ಕಡೆಗೆ ನಡೆಯುತ್ತಿತ್ತು.